ಹಾಜರಾತಿ ಪುಸ್ತಕವೂ ತಕ್ಕಡಿಯೇ

ತಕ್ಕಡಿಯಲ್ಲಿ ಗುಲಗಂಜಿಯಷ್ಟು ಕಡಿಮೆ ತೂಗಿದರೂ ಪಾಪವೆಂದು ನಂಬಿದ ಸಮಾಜವು, ಕಲಿಯದವನಿಗೆ ಕಲಿತನೆಂದು ಪ್ರಮಾಣಪತ್ರ ಕೊಡುವುದನ್ನು ಏನೆಂದು ಕರೆಯಬೇಕು? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಒಳ್ಳೆಯ ಸರಕಿನ ಹೆಸರಿನಲ್ಲಿ ಹುಸಿ ಸರಕನ್ನು ಮಾರುವುದು. ತರಗತಿಗೆ ಕಾಲಿಡದವನಿಂದ ಶುಲ್ಕ ಪಡೆದು ಬಿ.ಎಡ್. ಹಾಜರಾತಿ ತುಂಬಿಸುವುದೂ ಅದೇ ದೋಷ. ಸರಕು ಮಾತ್ರ ಬೇರೆ.

ಇದು ಉತ್ಪ್ರೇಕ್ಷೆಯಲ್ಲ. ಶಿಕ್ಷಕರ ತರಬೇತಿಯನ್ನು ಹದ್ದಿನಲ್ಲಿಡಲೆಂದೇ ಸಂಸತ್ತು 1993ರಲ್ಲಿ ಕಾಯಿದೆ ಮಾಡಿತು. 1995ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿಗೆ ಶಾಸನದ ಬಲ ಬಂದಿತು. ಆದರೂ ಸುಪ್ರೀಂ ಕೋರ್ಟು ರಚಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ವರದಿ ಒಪ್ಪಿಸುವ ವೇಳೆಗೆ ಇಂತಹ ಸಂಸ್ಥೆಗಳಲ್ಲಿ ಸುಮಾರು ಶೇಕಡ 90 ಖಾಸಗಿಯವರ ಕೈಸೇರಿದ್ದವು. ಇವುಗಳಲ್ಲಿ ಬಹುಪಾಲು ಹಣಕ್ಕೆ ಪದವಿ ಮಾರುತ್ತಿವೆಯೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆ ಆಯೋಗವನ್ನು ಆಧರಿಸಿ ಮುಚ್ಚುಮರೆಯಿಲ್ಲದೆ ಹೇಳಿತು.

ಸರಕಾರ ಕಂಡುಕೊಂಡ ಮದ್ದು ಅವಧಿಯ ಹೆಚ್ಚಳ. 2014ರ ನಿಯಮಗಳಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಅದರಲ್ಲಿ 20 ವಾರ ಶಾಲೆಯಲ್ಲಿಯೇ ಕಳೆಯಬೇಕು. 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂಬುದು ಹೊಸ ನೀತಿಯ ಗುರಿ. ಉದ್ದೇಶ ಸಾಧುವಾದುದೇ. ಆದರೆ ಹಾಜರಾತಿಯೇ ಸುಳ್ಳಾದಲ್ಲಿ ಒಂದು ವರ್ಷದ ಸುಳ್ಳು ನಾಲ್ಕು ವರ್ಷದ ಸುಳ್ಳಾಗುವುದು, ಅಷ್ಟೆ.

ಲೆಕ್ಕ ಬರೆಯುವುದನ್ನು ಗುಮಾಸ್ತನು ಕಲಿಯುವುದು ಹಿರಿಯನ ಕಣ್ಣೆದುರು ಖಾತೆ ಬರೆದು, ತಪ್ಪಿ, ತಿದ್ದಿಸಿಕೊಂಡು. ಬೋಧನೆಯೂ ಹಾಗೆಯೇ ಕೈಗೆ ಬರುವ ವಿದ್ಯೆ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬಿ.ಎಡ್. ಸಲ್ಲದು, ಡಿ.ಎಲ್.ಎಡ್. ಬೇಕು ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ತೀರ್ಪಿತ್ತುದರ ಹಿಂದಿನ ವಿವೇಕವೂ ಇದೇ: ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವುದು ಪ್ರತ್ಯೇಕ ಕೌಶಲ.

ಕಟ್ಟುನಿಟ್ಟು ಮಾಡಿದರೆ ಸೀಟುಗಳು ಖಾಲಿ ಉಳಿಯುವುವು, ಕಾಲೇಜು ನಡೆಯುವುದು ಹೇಗೆ ಎಂದು ಆಡಳಿತ ಮಂಡಳಿಗಳು ಕೇಳುತ್ತವೆ. ಖಾಲಿ ಸೀಟಿನ ನಷ್ಟ ಆ ವರ್ಷದ ಜಮಾಖರ್ಚಿನಲ್ಲಿ ಮುಗಿಯುತ್ತದೆ. ಸಿದ್ಧತೆಯಿಲ್ಲದ ಒಬ್ಬ ಶಿಕ್ಷಕನ ನಷ್ಟವನ್ನು ವರ್ಷಕ್ಕೆ ನಲವತ್ತು ಮಕ್ಕಳಂತೆ ಮೂವತ್ತು ವರ್ಷ ತೆರಬೇಕು: ಸಾವಿರದ ಇನ್ನೂರು ಮಕ್ಕಳು. ಇದು ಯಾವ ಖಾತೆಯಲ್ಲಿಯೂ ಕಾಣದ ಸಾಲ.

ಆದುದರಿಂದ ತರಬೇತಿ ಕಾಲೇಜು ನಡೆಸುವ ಟ್ರಸ್ಟುಗಳು ಹಾಜರಾತಿ ಪುಸ್ತಕವನ್ನು ಯಾರು ಬೇಕಾದರೂ ಬಂದು ನೋಡುವಂತೆ ತೆರೆದಿಡಲಿ. ಶಾಲೆ ನಡೆಸುವವರು ತರಬೇತಿಯ ವಿದ್ಯಾರ್ಥಿಯನ್ನು ಮೂಲೆಯಲ್ಲಿ ಕೂರಿಸದೆ, ಅನುಭವಿ ಶಿಕ್ಷಕರೊಬ್ಬರ ಕೈಕೆಳಗೆ 20 ವಾರ ಪಾಠ ಮಾಡಿಸಲಿ. ದಾನಿಗಳು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮೊದಲು ಬಡ ವಿದ್ಯಾರ್ಥಿಯೊಬ್ಬನ ಆ ವಾರಗಳ ಊಟ, ಬಸ್ಸಿನ ಖರ್ಚನ್ನು ವಹಿಸಲಿ. ಇಷ್ಟನ್ನೂ ಮಾಡಲಾಗದ ಸಂಸ್ಥೆ ಬಾಗಿಲು ಮುಚ್ಚುವುದೇ ಲೇಸು. ಹುಸಿ ತೂಕದ ಅಂಗಡಿಯನ್ನು ಮುಚ್ಚಿದರೆ ಊರಿಗೆ ನಷ್ಟವಿಲ್ಲ.