ಶಿಶುವಿಹಾರವೂ ಶಾಲೆಯೂ

ಶಿಶುವಿಹಾರವಿರುವುದು ಮಗುವಿಗಾಗಿಯೋ ಮುಂದಿನ ಶಾಲೆಗಾಗಿಯೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಅನಾವಶ್ಯಕವೆಂದು ತೋರಬಹುದು. ಏಕೆಂದರೆ ಮೂರು ವರ್ಷದ ಮಗುವನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳೂ, ಅದನ್ನು ನಡೆಸುವ ಸಂಸ್ಥೆಗಳೂ, ಅದಕ್ಕಾಗಿ ಹಣ ವೆಚ್ಚಮಾಡುವ ಸರ್ಕಾರವೂ ಮಗುವಿನ ಹಿತಕ್ಕಾಗಿ ಎಂದೇ ಉತ್ತರ ಕೊಡುವರು. ಆದರೆ ಬೇಸಗೆಯ ರಜೆ ಕಳೆದು ಒಂದನೆಯ ತರಗತಿಯ ಬಾಗಿಲು ತೆರೆಯುವ ಕಾಲಕ್ಕೆ, ಈ ಮಗುವಿಗೆ ಅಕ್ಷರಗಳೆಲ್ಲ ಬರುವುವೆ, ನೂರರವರೆಗೆ ಎಣಿಸಬಲ್ಲುದೆ, ಇಂಗ್ಲಿಷಿನಲ್ಲಿ ನಾಲ್ಕು ಮಾತನ್ನಾಡಬಲ್ಲುದೆ ಎಂಬ ವಿಚಾರಣೆ ಮನೆಮನೆಯಲ್ಲಿಯೂ ಆರಂಭವಾಗುವುದನ್ನು ನೋಡಿದರೆ, ನಾವು ಬಾಯಿಂದ ಹೇಳುವ ಉತ್ತರ ಒಂದು, ಮನಸ್ಸಿನಲ್ಲಿ ನಂಬಿರುವ ಉತ್ತರ ಮತ್ತೊಂದು ಎಂಬುದು ವಿದಿತವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಚಾಪೆಯ ಮೇಲೆ ಕುಳಿತು ಕಥೆ ಕೇಳುತ್ತಿದ್ದ ಮಗುವೇ ಜೂನ್ ತಿಂಗಳಲ್ಲಿ ಶಾಲೆಯ ಬೆಂಚಿನ ಮೇಲೆ ಕುಳಿತಿರುವುದು. ಎರಡು ತಿಂಗಳಲ್ಲಿ ಬದಲಾದದ್ದು ಸಂಸ್ಥೆಯೇ ಹೊರತು ಮಗುವಿನ ಪ್ರಕೃತಿಯಲ್ಲ. ಹೀಗಿರುವಲ್ಲಿ ಈ ಎರಡು ಸಂಸ್ಥೆಗಳ ನಡುವಣ ಅಂತರವನ್ನು ತುಂಬುವ ಭಾರವನ್ನು ಮಗುವಿನ ಮೇಲೆ ಹೊರಿಸುವುದು ನ್ಯಾಯವೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ನಮ್ಮ ನಾಡಿನ ಒಂದು ಸಾಮಾನ್ಯ ಅಂಗನವಾಡಿಯ ದಿನಚರಿಯನ್ನು ಅವಲೋಕಿಸೋಣ. ಬೆಳಗ್ಗೆ ಸಹಾಯಕಿ ಕೇರಿಯಿಂದ ಕೇರಿಗೆ ನಡೆದು, ಅಳುವ ಮಗುವನ್ನು ಸಮಾಧಾನಪಡಿಸಿ, ಹಟಮಾಡುವುದನ್ನು ಎತ್ತಿಕೊಂಡು ಬರುತ್ತಾಳೆ. ಮಕ್ಕಳು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಪ್ರಾರ್ಥನೆ ಹೇಳಿ, ಚಾಪೆಯ ಮೇಲೆ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತವೆ. ಮನೆಯಲ್ಲಿ ಏನು ತಿಂಡಿ ತಿಂದಿರಿ, ಯಾರ ಮನೆಯ ಹಸು ಕರು ಹಾಕಿತು, ನಿನ್ನೆ ಮಳೆ ಬಂದಾಗ ಎಲ್ಲಿದ್ದಿರಿ ಎಂದು ಕಾರ್ಯಕರ್ತೆ ಕೇಳುತ್ತಾಳೆ. ತರುವಾಯ ಅಭಿನಯಗೀತೆ, ಹುಣಸೆಬೀಜ, ಬೆಣಚುಕಲ್ಲು, ಜೋಳದ ಕಾಳುಗಳನ್ನು ಬೇರೆಬೇರೆ ಗುಂಪು ಮಾಡುವ ಆಟ, ಒಂದು ಕಥೆ, ಕೈತೊಳೆಯುವ ಸಾಲು, ಊಟ, ಅನಂತರ ನಿದ್ರೆ. ತಿಂಗಳಿಗೊಮ್ಮೆ ತೂಕ ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತು ಹಾಕುವುದೂ ಉಂಟು. ಕಿಟಕಿಯಿಂದ ಇಣಿಕಿ ನೋಡುವವನಿಗೆ ಇಲ್ಲಿ ಪಾಠವೆಂಬುದು ಎಲ್ಲಿಯೂ ಕಾಣದೆ, ಮಕ್ಕಳು ಸುಮ್ಮನೆ ಕಾಲ ಕಳೆಯುತ್ತಿರುವಂತೆ ತೋರಬಹುದು.

ಆದರೆ ಸೂಕ್ಷ್ಮವಾಗಿ ವಿವೇಚಿಸಿದರೆ, ಮನುಷ್ಯನು ಮುಂದೆ ಕಲಿಯುವುದೆಲ್ಲದರ ತಳಹದಿ ಈ ಹೊತ್ತಿನಲ್ಲಿಯೇ ನಿರ್ಮಿತವಾಗುತ್ತಿರುವುದು ಗೋಚರಿಸುತ್ತದೆ. ಐದು ಹುಣಸೆಬೀಜಗಳನ್ನು ಐದು ಕಲ್ಲುಗಳೆದುರು ಒಂದಕ್ಕೊಂದರಂತೆ ಜೋಡಿಸಿದ ಮಗುವಿಗೆ ಐದು ಎಂಬ ಅಂಕಿ ಒಂದು ಅನುಭವದ ಸಂಕೇತವಾಗುತ್ತದೆ. ಜೋಡಿಸದೆಯೇ ಅಂಕಿಯನ್ನು ಗೀಚಲು ಕಲಿತ ಮಗುವಿಗೆ ಅದು ಕೇವಲ ಒಂದು ಸೊಟ್ಟಗೆರೆ. ಕಥೆಯಲ್ಲಿ ಮೊದಲು ನಡೆದದ್ದೇನು, ಅದರಿಂದ ಆದದ್ದೇನು ಎಂದು ಹಿಂಬಾಲಿಸುವ ಮಗು ಕಾರ್ಯಕಾರಣ ಸಂಬಂಧವನ್ನು ಗ್ರಹಿಸುತ್ತಿದೆ. ಮುಂದೆ ಪುಸ್ತಕವೊಂದನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿಗೆ ಮೂಲ ಇದೇ. ಹದಿನೈದು ಮಕ್ಕಳೆದುರು ತನ್ನ ಮನೆಯ ಕರುವಿನ ವಿಚಾರ ಹೇಳುವ ಮಗು, ಹೊರಗಿನವರು ತನ್ನ ಮಾತನ್ನು ಆಲಿಸುವರೆಂಬ ವಿಶ್ವಾಸವನ್ನು ಜೀವನದಲ್ಲಿ ಮೊದಲ ಬಾರಿಗೆ ಪಡೆಯುತ್ತದೆ. ಇನ್ನು ಊಟದ ಪಂಕ್ತಿಯಂತೂ ನಮ್ಮ ಸಮಾಜದಲ್ಲಿ ಅಲ್ಪ ವಿಷಯವಲ್ಲ. ಹಿರಿಯರು ಜಾತಿಯ ಗೋಡೆಗಳೊಳಗೆ ಉಣ್ಣುವ ಊರಿನಲ್ಲಿ ಎಲ್ಲ ಕೇರಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಒಬ್ಬಳೇ ಬಡಿಸಿದ ಅನ್ನವನ್ನುಣ್ಣುವುದು, ಪಠ್ಯಪುಸ್ತಕದ ಪೌರನೀತಿಯ ಪಾಠಗಳೆಲ್ಲವನ್ನೂ ಮೀರಿಸುವ ಶಿಕ್ಷಣವೇ ಸರಿ.

ಶಿಶುಶಿಕ್ಷಣದ ಆದ್ಯರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಜರ್ಮನಿಯ ಬ್ಲಾಂಕೆನ್‌ಬರ್ಗಿನಲ್ಲಿ 1837ರಲ್ಲಿ ಫ್ರೋಬೆಲ್ ಆರಂಭಿಸಿ, 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಸಂಸ್ಥೆಯಲ್ಲಿ ಮಕ್ಕಳ ಕೈಗೆ ಮೊದಲು ಬಂದದ್ದು ಉಣ್ಣೆಯ ಚೆಂಡು, ಮರದ ಗೋಲ, ಮರದ ಘನ. ಪ್ರಷ್ಯದ ಸರ್ಕಾರವು 1851ರಲ್ಲಿ ಈ ಶಿಶುವಿಹಾರಗಳನ್ನು ನಿಷೇಧಿಸಿತು; ಮರುವರ್ಷವೇ ತೀರಿಕೊಂಡ ಫ್ರೋಬೆಲ್, 1860ರಲ್ಲಿ ಆ ನಿಷೇಧ ತೊಲಗಿದ್ದನ್ನು ಕಾಣಲಿಲ್ಲ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಗ್ರಾಮಕ್ಕೆ ಹೋಗಿ, ನಗರದ ಶ್ರೀಮಂತರ ಮಕ್ಕಳಿಗೆ ಮಾತ್ರ ಲಭ್ಯವಿದ್ದ ಶಿಶುಶಿಕ್ಷಣವನ್ನು ಬಡವರ ಅಂಗಳಕ್ಕೆ ಕೊಂಡೊಯ್ದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳೂ ಮಗುವಿನ ಕುತೂಹಲವನ್ನೇ ಗುರುವೆಂದು ಬಗೆದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಲ್ಪಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳೊಡನೆ ಶಾಲಾಪೂರ್ವ ಶಿಕ್ಷಣವನ್ನೂ ಒಂದೇ ಸೂರಿನಡಿ ಒದಗಿಸಬೇಕೆಂಬ ಆ ಯೋಜನೆ, ಮಗುವಿನ ದೇಹ ಬೇರೆ ಬುದ್ಧಿ ಬೇರೆ ಎಂಬ ಭೇದವನ್ನು ಎಣಿಸಲಿಲ್ಲವೆಂಬುದು ಸ್ಮರಣೀಯ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮೇರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮ್ ನಗರದ ಬಡಕೇರಿಯೊಂದರಲ್ಲಿ ಆರಂಭಿಸಿದ ಮಕ್ಕಳ ಮನೆಯಲ್ಲಿ ನಾಲ್ಕೈದು ವರ್ಷದ ಮಕ್ಕಳು ಬರೆಯಲು ಕಲಿಯಲಿಲ್ಲವೆ, ಹಾಗಿದ್ದರೆ ಶಿಶುವಿಹಾರದಲ್ಲಿ ಅಕ್ಷರವನ್ನು ಏಕೆ ವರ್ಜಿಸಬೇಕು ಎಂದು ಕೇಳುವವರುಂಟು. ಆಕ್ಷೇಪ ಸತ್ಯವಾದುದೇ. ಆದರೆ ಆ ಮಕ್ಕಳು ಕಲಿತ ಬಗೆಯನ್ನು ಗಮನಿಸಬೇಕು: ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಕೈ ಹದವಾದ ಬಳಿಕ, ತಮ್ಮ ಇಚ್ಛೆಯಿಂದಲೇ ಅವು ಬರೆವಣಿಗೆಗೆ ತೊಡಗಿದವು. ವಿಜಯದಶಮಿಯಂದು ಅಕ್ಷರಾಭ್ಯಾಸ ಮಾಡಿಸುವಾಗ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುವ ಪದ್ಧತಿಯಲ್ಲಿಯೂ, ಹಳೆಯ ಮಠಗಳಲ್ಲಿ ಮರಳಿನ ಮೇಲೆ ಬರೆಸುತ್ತಿದ್ದ ಕ್ರಮದಲ್ಲಿಯೂ ಇದೇ ವಿವೇಕ ಅಡಗಿದೆ. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳಲ್ಲಿ ಹಲವು ಮೂರು ನಾಲ್ಕು ವರ್ಷದ ಮಗುವಿನಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಅಂಥ ಕೈಗೆ ಪೆನ್ಸಿಲು ಕೊಟ್ಟು, ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸಿ, ಸಂಜೆಗೆ ಹೋಂವರ್ಕನ್ನೂ ಕಟ್ಟಿಕೊಡುವ ಎಲ್.ಕೆ.ಜಿ.ಗಳಿಗೂ ಮಾಂಟೆಸ್ಸೋರಿಯ ಮಾರ್ಗಕ್ಕೂ ಯಾವ ಸಂಬಂಧವೂ ಇಲ್ಲ. ಅಕ್ಷರ ದೋಷವಲ್ಲ, ಬಲಾತ್ಕಾರ ದೋಷ. ಮೈಸೂರಿನಲ್ಲಿ ನೆಲಸಿದ್ದ ಆರ್. ಕೆ. ನಾರಾಯಣರು 1989ರಲ್ಲಿ ರಾಜ್ಯಸಭೆಯಲ್ಲಿ ಎದ್ದುನಿಂತು ಮಕ್ಕಳ ಬೆನ್ನಮೇಲಿನ ಚೀಲದ ಭಾರವನ್ನು ಕುರಿತು ಮಾತನಾಡಿದರು. ಯಶ್‌ಪಾಲ್ ಸಮಿತಿಯು 1993ರಲ್ಲಿ, ಅರ್ಥವಾಗದಿರುವುದರ ಹೊರೆ ಚೀಲದ ಹೊರೆಗಿಂತಲೂ ದೊಡ್ಡದೆಂದು ತೋರಿಸಿಕೊಟ್ಟಿತು. ಅಂದು ಶಾಲೆಯ ಮಕ್ಕಳನ್ನು ಕುರಿತು ಆಡಿದ ಮಾತನ್ನು ಇಂದು ಶಿಶುವಿಹಾರದ ಮಕ್ಕಳನ್ನು ಕುರಿತು ಆಡಬೇಕಾಗಿ ಬಂದಿದೆ.

ತಂದೆತಾಯಿಗಳ ಆತುರವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸಲ್ಲದು. ತಾನು ಹೆಬ್ಬೆಟ್ಟು ಒತ್ತಿ ಕಳೆದ ಬಾಳನ್ನು ತನ್ನ ಮಗು ಕಳೆಯಬಾರದೆಂದು ಬಯಸುವ ತಾಯಿಗೆ, ಅಕ್ಷರವೆಂದರೆ ಅನ್ನವೂ ಹೌದು, ಮಾನವೂ ಹೌದು. ಸಂಜೆ ಮನೆಗೆ ಬಂದ ಮಗು ಆಡಿದೆವೆಂದಷ್ಟೇ ಹೇಳಿದರೆ ಆಕೆ ಕಳವಳಗೊಳ್ಳುವುದು ಸಹಜ. ಅಕ್ಷರ ಬಾರದ ಮಗುವನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವ ಶಾಲೆಗಳಿರುವ ತನಕ ಆ ಕಳವಳಕ್ಕೆ ಆಧಾರವೂ ಇದೆ. ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದ್ದರೂ, ಪರೀಕ್ಷೆಯ ಭಯ ಇನ್ನೂ ನೀಗಿಲ್ಲ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ನಮ್ಮ ಸರ್ಕಾರ 2022ರಲ್ಲಿ ಆಜ್ಞಾಪಿಸಿ, ಪೋಷಕರ ಒತ್ತಾಯದಿಂದ 2025ರಲ್ಲಿ ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಬೇಕಾಗಿ ಬಂತು. ಒಂದು ವರ್ಷ ನಷ್ಟವಾಗುವುದೆಂಬ ಅಂಜಿಕೆ ಅಷ್ಟು ಪ್ರಬಲ. ಶಿಶುವಿಹಾರದಲ್ಲಿ ಕಳೆದ ವರ್ಷ ನಷ್ಟವಲ್ಲವೆಂದು ಬಾಯಿಮಾತಿನಿಂದ ಹೇಳಿದರೆ ಸಾಲದು. ಹುಣಸೆಬೀಜದ ಆಟದಲ್ಲಿ ಮಗು ಕಲಿತದ್ದೇನೆಂಬುದನ್ನು ತಾಯಂದಿರ ಸಭೆಯಲ್ಲಿ ಕಣ್ಣಾರೆ ತೋರಿಸಬೇಕು.

ಹಾಗಾದರೆ ಶಾಲೆಗೆ ಬಂದ ಮಗು ಕಳೆದುಕೊಳ್ಳುವುದೇನು? ಅಂಗನವಾಡಿಯಲ್ಲಿ ಎಲ್ಲರಿಗಿಂತ ಹಿರಿದಾಗಿದ್ದು, ಚಿಕ್ಕವರ ಕೈಹಿಡಿದು ನಡೆಸುತ್ತಿದ್ದ ಮಗು ಒಂದೇ ದಿನದಲ್ಲಿ ಎಲ್ಲರಿಗಿಂತ ಕಿರಿದಾಗುತ್ತದೆ. ಕರೆತರುವ ಸಹಾಯಕಿ ಇಲ್ಲ. ತನ್ನ ಸ್ವಭಾವವನ್ನು ಬಲ್ಲ ಕಾರ್ಯಕರ್ತೆ ಇಲ್ಲ. ಆಕೆಗೆ ತಿಳಿದಿದ್ದ ಯಾವ ಸಂಗತಿಯೂ ಹೊಸ ಶಿಕ್ಷಕರಿಗೆ ತಲಪುವುದಿಲ್ಲ. ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುವುದು ಹೇಗೆಂದು ತಿಳಿಯದೆ ತತ್ತರಿಸುವ ಮಕ್ಕಳೂ ಉಂಟು. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಶಾಲೆಯ ಭಾಷೆಯೇ ಹೊಸದಾಗಿದ್ದರೆ, ಶಿಶುವಿಹಾರದಲ್ಲಿ ಗಳಿಸಿದ್ದ ಮಾತಿನ ಧೈರ್ಯ ಕೆಲವೇ ವಾರಗಳಲ್ಲಿ ಉಡುಗಿಹೋಗುವುದು; ಮೌನವಾಗಿ ಕುಳಿತ ಆ ಮಗುವನ್ನು ಮಂದಬುದ್ಧಿಯೆಂದು ಎಣಿಸುವುದು ಇನ್ನೂ ದೊಡ್ಡ ಅನ್ಯಾಯ.

ಒಟ್ಟಲಿನಿಂದ ಭತ್ತದ ಸಸಿಯನ್ನು ಕಿತ್ತು ನಾಟಿ ಮಾಡುವ ರೈತನು, ಸಸಿಯನ್ನು ಗಟ್ಟಿನೆಲಕ್ಕೆ ಒಗ್ಗಿಸಲು ಹೊರಡುವುದಿಲ್ಲ. ಗದ್ದೆಯನ್ನು ಉತ್ತು, ನೀರು ಕಟ್ಟಿ, ನೆಲವನ್ನೇ ಸಸಿಗೆ ತಕ್ಕಂತೆ ಹದಗೊಳಿಸುತ್ತಾನೆ. ಶಾಲೆಯೂ ಹೀಗೆ ಹದಗೊಳ್ಳಬಲ್ಲುದೆಂಬುದಕ್ಕೆ ನಿದರ್ಶನ ನಮ್ಮಲ್ಲಿಯೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿಕಲಿ ಪದ್ಧತಿಯು ಬೆಂಚುಗಳ ಸಾಲನ್ನು ಮುರಿದು ಮಕ್ಕಳನ್ನು ಗುಂಪುಗಳಾಗಿ ನೆಲದ ಮೇಲೆ ಕೂರಿಸಿತು. ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿಯೇ ಮೆಟ್ಟಲೇರಲು ಎಡೆಗೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಅಖಂಡ ಘಟ್ಟವೆಂದು ಅಂಗೀಕರಿಸಿದ್ದು ತತ್ತ್ವತಃ ಯುಕ್ತವಾಗಿದೆ. ಆದರೆ ಆ ಅಖಂಡತೆಯ ಹೆಸರಿನಲ್ಲಿ ಒಂದನೆಯ ತರಗತಿಯ ಪಾಠವು ಕೆಳಕ್ಕಿಳಿದು ಮೂರು ವರ್ಷದ ಮಗುವನ್ನು ಮುಟ್ಟದೆ, ಶಿಶುವಿಹಾರದ ಕ್ರಮವು ಮೇಲಕ್ಕೇರಿ ಎಂಟು ವರ್ಷದ ಮಗುವನ್ನು ತಲಪಬೇಕು. ಆ ನೀತಿಯ ಫಲ ಈ ದಿಕ್ಕಿನ ಮೇಲೆಯೇ ನಿಂತಿದೆ.

ಆಚರಣೆಯಲ್ಲಿ ಇದಕ್ಕೆ ಬೇಕಾದುವು ದುರ್ಲಭವಾದುವಲ್ಲ. ಮಾರ್ಚ್ ತಿಂಗಳಲ್ಲಿಯೇ ಒಂದನೆಯ ತರಗತಿಯ ಶಿಕ್ಷಕರು ಅಂಗನವಾಡಿಗೆ ಬಂದು ಮಕ್ಕಳೊಡನೆ ಕುಳಿತು ಕಥೆ ಹೇಳಲಿ. ಮಕ್ಕಳೂ ಒಂದೆರಡು ಬಾರಿ ಶಾಲೆಗೆ ಹೋಗಿ, ನೀರಿನ ನಲ್ಲಿಯೆಲ್ಲಿ, ಶೌಚಾಲಯವೆಲ್ಲಿ, ಆಟದ ಬಯಲೆಲ್ಲಿ ಎಂಬುದನ್ನು ನೋಡಿಬರಲಿ. ಪ್ರತಿಯೊಂದು ಮಗುವಿನ ಮನೆಮಾತು, ಆರೋಗ್ಯ, ಅಂಜಿಕೆ, ಆಸಕ್ತಿಗಳನ್ನು ಕುರಿತು ಕಾರ್ಯಕರ್ತೆ ಬರೆದ ಒಂದು ಹಾಳೆ ಶಿಕ್ಷಕರ ಕೈಸೇರಲಿ. ಶಾಲೆಯ ಮೊದಲ ಮೂರು ತಿಂಗಳು ಆಟ, ಮಾತು, ಕಥೆಗಳಿಗೆ ಮೀಸಲಾಗಿರಲಿ. ರಾಷ್ಟ್ರಮಟ್ಟದಲ್ಲಿ 2021ರಲ್ಲಿ ರೂಪಿತವಾದ ವಿದ್ಯಾಪ್ರವೇಶ ಕಾರ್ಯಕ್ರಮದ ಆಶಯವೂ ಇದೇ. ಎಲ್ಲಕ್ಕಿಂತ ಮಿಗಿಲಾಗಿ, ಅಂಗನವಾಡಿ ಕಾರ್ಯಕರ್ತೆಗೆ ಗುರುವಿನ ಸ್ಥಾನ ಸಲ್ಲಬೇಕು. ರಾಜ್ಯದ ಅರುವತ್ತು ಸಾವಿರಕ್ಕೂ ಮಿಕ್ಕಿದ ಅಂಗನವಾಡಿಗಳಲ್ಲಿ ಅಡುಗೆಯ ದಾಸ್ತಾನು, ತೂಕದ ಪಟ್ಟಿ, ಗರ್ಭಿಣಿಯರ ಲೆಕ್ಕ, ಬಗೆಬಗೆಯ ಸಮೀಕ್ಷೆಗಳು ಇವೆಲ್ಲವನ್ನೂ ಹೊತ್ತು, ಸಂಬಳವೆನಿಸದ ಗೌರವಧನಕ್ಕೆ ದುಡಿಯುವ ಈ ಸ್ತ್ರೀಯರಿಂದಲೇ ರಾಷ್ಟ್ರದ ಅತ್ಯಂತ ಸೂಕ್ಷ್ಮವಾದ ಶಿಕ್ಷಣಕಾರ್ಯ ನಡೆಯುತ್ತಿದೆ. ಅವರ ಅನುಭವವನ್ನು ಕೇಳದ ಶಾಲೆ ಮಗುವನ್ನು ಅರಿಯುವುದು ಅಸಾಧ್ಯ.

ಮಗುವು ಶಾಲೆಗೆ ಹೊತ್ತುಕೊಂಡು ಬರತಕ್ಕ ಸಂಪತ್ತು ಮೂರು: ಹೊರಗಿನ ಹಿರಿಯರು ತನ್ನನ್ನು ಆದರಿಸುವರೆಂಬ ನಂಬಿಕೆ, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಧೈರ್ಯ, ಕೈಹಾಕಿ ಮಾಡಿನೋಡುವ ಕುತೂಹಲ. ಇವು ಉಳಿದಿದ್ದರೆ ಐವತ್ತು ಅಕ್ಷರಗಳನ್ನು ಕಲಿಯುವುದು ಕೆಲವು ತಿಂಗಳುಗಳ ಕೆಲಸ; ಇವು ನಷ್ಟವಾದರೆ, ಅಕ್ಷರವೆಲ್ಲ ಬಂದ ಮೇಲೆಯೂ ಓದಬೇಕೆಂಬ ಇಚ್ಛೆ ಹುಟ್ಟುವುದು ಕಷ್ಟ. ಆದುದರಿಂದ ಪ್ರತಿವರ್ಷ ಜೂನ್ ತಿಂಗಳಲ್ಲಿ ನಡೆಯಬೇಕಾದ ಪರೀಕ್ಷೆ ಮಗುವಿನದಲ್ಲ. ಶಿಶುವಿಹಾರದಿಂದ ಬಂದ ಮಕ್ಕಳಲ್ಲಿ ಎಷ್ಟು ಮಂದಿ ದಸರೆಯ ರಜೆಯ ಹೊತ್ತಿಗೂ ನಿರ್ಭೀತರಾಗಿ ಪ್ರಶ್ನೆ ಕೇಳುತ್ತಿದ್ದಾರೆ ಎಂಬುದನ್ನು ನೋಡಿ ಶಾಲೆಯ ಯೋಗ್ಯತೆಯನ್ನು ನಿರ್ಣಯಿಸಬೇಕು. ಆ ಮಾನದಂಡವನ್ನು ಹಿಡಿಯುವ ಧೈರ್ಯ ನಮ್ಮ ಶಿಕ್ಷಕರಿಗೂ ಪೋಷಕರಿಗೂ ಸರ್ಕಾರಕ್ಕೂ ಬಂದಲ್ಲಿ, ಶಿಶುವಿಹಾರವು ಶಾಲೆಯ ಆಳಾಗಿ ದುಡಿಯುವ ಸ್ಥಿತಿ ತಪ್ಪಿ, ಶಾಲೆಯೇ ಅದರಿಂದ ಕಲಿಯುವ ಕಾಲ ಪ್ರಾಪ್ತವಾಗುವುದು.