ವೇಗದ ಆರೋಪವೂ ಪ್ರತಿವಾದದ ಹಕ್ಕೂ

ಕ್ಯಾಮೆರಾ ಹಿಡಿದ ಮೇಲೆ ವಾದವೇಕೆ, ದಂಡ ಕಟ್ಟಿ ಸುಮ್ಮನಾಗಬೇಕು ಎಂಬ ಮಾತು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗವನ್ನು ಅಳೆಯುವ ಯಂತ್ರಗಳು ನೆಲೆಗೊಂಡಂದಿನಿಂದ ಸುಶಿಕ್ಷಿತರ ಬಾಯಲ್ಲಿ ಸಲೀಸಾಗಿ ಹೊರಡುತ್ತಿದೆ. ಆರೋಪಕ್ಕೆ ಉತ್ತರ ಕೊಡಹೊರಟವನೆಲ್ಲ ನುಣುಚಿಕೊಳ್ಳುವ ಹವಣಿನವನೇ ಎಂದು ಭಾವಿಸುವ ಈ ಸಜ್ಜನರು ಶಾಸನವನ್ನು ಓದಿದವರಲ್ಲ.

1988ರ ಮೋಟಾರು ವಾಹನಗಳ ಅಧಿನಿಯಮದ 112ನೆಯ ಕಲಮು ವೇಗಕ್ಕೆ ಮಿತಿಯನ್ನು ವಿಧಿಸುತ್ತದೆ. 183ನೆಯದು ಮಿತಿ ಮೀರಿದವನಿಗೆ ದಂಡನೆಯನ್ನು. ಮೊದಲ ಅಪರಾಧಕ್ಕೆ ಬಹುಕಾಲ 400 ರೂಪಾಯಿಯನ್ನು ದಾಟದಿದ್ದ ಆ ದಂಡ, 2019ರ ತಿದ್ದುಪಡಿಯಲ್ಲಿ ಲಘು ವಾಹನಕ್ಕೆ 1,000ದಿಂದ 2,000, ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿಗೆ ಏರಿತು. ಆದರೆ ದಂಡಿಸುವ ಆ ಕಲಮೇ, ಯಂತ್ರದ ಅಳತೆಯ ಆಧಾರವಿಲ್ಲದೆ, ‘ವೇಗವಾಗಿ ಹೋದಂತೆ ನನಗೆ ತೋರಿತು’ ಎನ್ನುವ ಒಬ್ಬನೇ ಸಾಕ್ಷಿಯ ಅಭಿಪ್ರಾಯವನ್ನು ನೆಚ್ಚಿ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಕೂಡದೆಂದೂ ವಿಧಿಸಿದೆ. ಯಂತ್ರವನ್ನಾದರೂ ಕಣ್ಣುಮುಚ್ಚಿ ನಂಬಬೇಕೆಂದಿಲ್ಲ: ಅದರ ಪ್ರಮಾಣಪತ್ರ ವರ್ಷವರ್ಷವೂ ನವೀಕೃತವಾಗಬೇಕು, ಕ್ಯಾಮೆರಾ ಇದೆಯೆಂಬ ಫಲಕ ಕಣ್ಣಿಗೆ ಬೀಳುವಂತಿರಬೇಕು, ನೋಟೀಸು 15 ದಿನಗಳೊಳಗೆ ಹೊರಡಬೇಕು ಎಂದು 2021ರಲ್ಲಿ ಸೇರ್ಪಡೆಯಾದ ಕೇಂದ್ರ ನಿಯಮ ಹೇಳುತ್ತದೆ. ಇವುಗಳಲ್ಲಿ ಒಂದು ತಪ್ಪಿದೆಯೆಂದು ತೋರಿಸುವವನು ಸರ್ಕಾರ ತಾನೇ ಕೊಟ್ಟ ಮಾತನ್ನು ಸರ್ಕಾರಕ್ಕೆ ನೆನಪಿಸುತ್ತಾನೆ, ಅಷ್ಟೆ.

ಇದಕ್ಕೆದುರಾಗಿ ಹೇಳುವ ಒಂದು ಮಾತನ್ನು ಗೌರವದಿಂದ ಕೇಳಬೇಕು. ವೇಗ 50 ಕಿಲೋಮೀಟರಿನಿಂದ 100ಕ್ಕೇರಿದರೆ ಡಿಕ್ಕಿಯ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಮಗನನ್ನು ರಸ್ತೆಯಲ್ಲಿ ಕಳೆದುಕೊಂಡ ತಾಯಿಯೆದುರು ಪ್ರಮಾಣಪತ್ರದ ತಾರೀಖನ್ನು ಚರ್ಚಿಸುವುದು ಕ್ರೌರ್ಯವೆನಿಸೀತು. ಆ ದುಃಖಕ್ಕೆ ತರ್ಕದಲ್ಲಿ ಉತ್ತರವಿಲ್ಲವೆಂಬುದು ದಿಟ. ಆದರೂ ಅಪರಾಧ ಘೋರವಾದಷ್ಟೂ ಪುರಾವೆ ಬಿಗಿಯಾಗಬೇಕೆಂಬುದೇ ನ್ಯಾಯದ ರೂಢಿ. ಕೊಲೆಯ ಆರೋಪಿಗೆ ಸಲ್ಲುವ ವಾದದ ಹಕ್ಕು ವೇಗದ ಆರೋಪಿಗೇಕೆ ಸಲ್ಲದು? ರಸ್ತೆ ಚೆನ್ನಾಗಿರುವುದೇ ಜೋರಾಗಿ ಓಡಿಸಲಿಕ್ಕೆ ಎನ್ನುವವರೊಡನೆ ನನಗೆ ಮಾತಿಲ್ಲ.

ಕಾನೂನಿನ ಗೌರವ ಕೆಡುವುದು ಪ್ರತಿವಾದದಿಂದಲ್ಲ, ರಿಯಾಯಿತಿಯಿಂದ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಬಾಕಿ ದಂಡದಲ್ಲಿ ಅರ್ಧವನ್ನು ಬಿಟ್ಟುಕೊಟ್ಟಿತು. ಜನ ಮುಗಿಬಿದ್ದು ಕಟ್ಟಿದರು. ಬೊಕ್ಕಸ ತುಂಬಿತೆಂದು ಅಧಿಕಾರಿಗಳು ಹಿಗ್ಗಿದರು. ನೋಟೀಸು ಬಂದೊಡನೆ ಪೂರ್ತಿ ಹಣ ತೆತ್ತವನು ಮೂರ್ಖನಾದನು, ವರ್ಷಗಟ್ಟಲೆ ಅಲಕ್ಷಿಸಿದವನು ಜಾಣನಾದನು. ದಸರೆಯ ಜವಳಿಯಂತೆ ಶಿಕ್ಷೆಯನ್ನು ಅರ್ಧ ಬೆಲೆಗೆ ಮಾರುವ ಆಡಳಿತಕ್ಕೆ, ನ್ಯಾಯಾಲಯದಲ್ಲಿ ನಿಂತು ಪುರಾವೆ ಕೇಳುವವನನ್ನು ತಂಟೆಕೋರನೆನ್ನುವುದಕ್ಕೆ ಯಾವ ಮುಖವಿದೆ?

ಅದೇ 183ನೆಯ ಕಲಮಿನ ಕೊನೆಗೆ, ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡದ ನಾಲ್ಕನೆಯ ಉಪಕಲಮೊಂದಿದೆ. ಮಿತಿಯನ್ನು ಮೀರದೆ ಮುಗಿಸಲಾಗದಷ್ಟು ಕಡಿಮೆ ಹೊತ್ತಿನಲ್ಲಿ ಪ್ರಯಾಣ ಮುಗಿಯಬೇಕೆಂದು ವೇಳಾಪಟ್ಟಿ ಪ್ರಕಟಿಸಿದವನು, ಅಥವಾ ಹಾಗೆಂದು ಆಜ್ಞಾಪಿಸಿದವನು, ಆ ಕಾರಣದಿಂದಲೇ ಮೇಲ್ನೋಟಕ್ಕೆ ಅಪರಾಧಿಯೆನ್ನುತ್ತದೆ ಅದು. ಖಾಸಗಿ ಬಸ್ಸಿನ ಮಾಲೀಕನಿಗೆ ಒಪ್ಪುವ ಈ ಮಾತು, ಹತ್ತು ನಿಮಿಷದಲ್ಲಿ ತರಕಾರಿ ಬಾಗಿಲಿಗೆ ಬರುವುದೆಂದು ಜಾಹೀರಾತು ಕೊಟ್ಟವನಿಗೆ ಒಪ್ಪದೆ? ನ್ಯಾಯಾಲಯ ವಿಚಾರಿಸಬೇಕಾದ ಪ್ರಶ್ನೆಯಿದು. ಆದರೆ ವಿಚಾರಣೆಯಾಗಬೇಕಾದರೆ ಮೊದಲು ಯಾರಾದರೂ ವಾದ ಹೂಡಬೇಕಷ್ಟೆ. ಸ್ಕೂಟರಿನ ಹುಡುಗನಿಗೆ ವಕೀಲರ ಫೀಜಿಗಿಂತ ಸಾವಿರ ರೂಪಾಯಿಯ ದಂಡವೇ ಅಗ್ಗ, ಕೋರ್ಟಿಗೆ ಅಲೆದ ದಿನದ ಕೂಲಿಯೂ ಅವನಿಗೆ ದೊರೆಯದು.