ಕೆಡದ ಪ್ರಿಂಟರ್ ಗುಜರಿಗೇಕೆ?

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ಆ ಕಾರಣಕ್ಕೆ ಹೊಸ ಕಂಪ್ಯೂಟರ್ ಕೊಂಡವರಲ್ಲಿ ನಾನೂ ಒಬ್ಬ. ಮನೆಯಲ್ಲಿ ಎರಡು ಹಳೆಯ ಪ್ರಿಂಟರುಗಳಿದ್ದವು. ಒಂದು 1990ರ ದಶಕದ ಡಾಟ್ ಮ್ಯಾಟ್ರಿಕ್ಸ್. ಇನ್ನೊಂದು ಅದಕ್ಕಿಂತ ಹತ್ತು ವರ್ಷ ಕಿರಿಯದಾದ ಲೇಸರ್. ಎರಡೂ ಸುಸ್ಥಿತಿಯಲ್ಲಿದ್ದವು. ಆದರೆ ಹೊಸ ಕಂಪ್ಯೂಟರಿನೊಡನೆ ಹಿರಿಯದು ಹೊಂದಿಕೊಂಡಿತು, ಕಿರಿಯದು ಹೊಂದಿಕೊಳ್ಳಲಿಲ್ಲ. ಈ ವಿಪರ್ಯಾಸದಲ್ಲಿ ಗ್ರಾಹಕರೆಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೊಂದು ಅಡಗಿದೆ.

ಡಾಟ್ ಮ್ಯಾಟ್ರಿಕ್ಸ್‌ನ ತೊಡಕು ಕೇವಲ ಜೋಡಣೆಯದು. ಅದರ ಹಿಂಬದಿಯಲ್ಲಿರುವುದು 36 ಪಿನ್ನುಗಳ ಸೆಂಟ್ರಾನಿಕ್ಸ್ ಸಾಕೆಟ್. ಅದಕ್ಕೆ ಹೊಂದುತ್ತಿದ್ದ 25 ಪಿನ್ನಿನ ಪ್ಯಾರಲಲ್ ಪೋರ್ಟ್ ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಕಾಣಸಿಗದು. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಾಯಿಸುವ ಕೇಬಲ್ ತಂದು, ಪ್ರಿಂಟರನ್ನು ನಾನೇ ಪಟ್ಟಿಗೆ ಸೇರಿಸಿ, ಎಲ್‌ಪಿಟಿ1ರ ಬದಲು ಯುಎಸ್‌ಬಿ001 ಪೋರ್ಟನ್ನು ಆರಿಸಿದೊಡನೆ ಸೂಜಿಗಳು ತಮ್ಮ ಹಳೆಯ ಕರ್ಕಶ ಸದ್ದಿನೊಡನೆ ಓಡತೊಡಗಿದವು. ಎಪ್ಸನ್ ರೂಪಿಸಿದ ಇಎಸ್‌ಸಿ/ಪಿ ಎಂಬ ಆಜ್ಞಾಭಾಷೆಯನ್ನು ಇತರ ತಯಾರಕರೂ ಅನುಸರಿಸಿದ್ದರಿಂದ ಅದೇ ಭಾಷೆಯ ಬೇರೊಂದು ಮಾದರಿಯ ಡ್ರೈವರ್ ಸಾಕಾಯಿತು. ಇಲ್ಲೊಂದು ಎಚ್ಚರಿಕೆ: ಪಠ್ಯವನ್ನಷ್ಟೇ ಕಳಿಸುವ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರ್ ಹಾಕಿದರೆ ರೋಮನ್ ಅಕ್ಷರಗಳು ಮೂಡುತ್ತವೆ, ಕನ್ನಡ ಮೂಡುವುದಿಲ್ಲ. ಯಂತ್ರದೊಳಗಿನ ಅಕ್ಷರಭಂಡಾರದಲ್ಲಿ ನಮ್ಮ ಲಿಪಿಯೇ ಇಲ್ಲ. ಕನ್ನಡವನ್ನು ಚಿತ್ರವಾಗಿ, ಚುಕ್ಕೆಚುಕ್ಕೆಯಾಗಿ ಕಳಿಸಬೇಕು. ವೇಗ ತಗ್ಗುತ್ತದೆ, ಆದರೆ ಕೆಲಸ ಆಗುತ್ತದೆ.

ಲೇಸರಿನದು ಬೇರೆಯೇ ಕಥೆ. ಬೆಲೆ ಇಳಿಸಲೆಂದು ಪುಟ ರಚಿಸುವ ಹೊಣೆಯನ್ನು ಕಂಪ್ಯೂಟರಿಗೇ ವಹಿಸಿದ ವರ್ಗಕ್ಕೆ ಸೇರಿದ್ದು ಅದು. ಎಚ್‌ಪಿಯ ಪಿಸಿಎಲ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್‌ನಂತಹ ಬಹಿರಂಗ ಭಾಷೆ ಅದಕ್ಕೆ ತಿಳಿಯದು. ತಯಾರಕ ಮತ್ತು ಅವನ ಡ್ರೈವರ್ ನಡುವಿನ ಗುಟ್ಟಿನ ಮಾತಷ್ಟೇ ಗೊತ್ತು. ಆ ಡ್ರೈವರ್ 32 ಬಿಟ್‌ನದು. 2021ರಲ್ಲಿ ಬಂದ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಹೊಸ ಡ್ರೈವರ್ ಬರೆಯುವ ಉತ್ಸಾಹ ತಯಾರಕರಿಗಿರಲಿಲ್ಲ. ಹೊಸ ಪ್ರಿಂಟರ್ ಮಾರುವವರಿಗೆ ಅದೇಕೆ ಬೇಕು?

ಕೊನೆಗೆ ದಾರಿ ದೊರೆತದ್ದು ಲಿನಕ್ಸ್‌ನಲ್ಲಿ. ಇಂತಹ ಎಷ್ಟೋ ಪ್ರಿಂಟರುಗಳ ಗುಟ್ಟನ್ನು ಸ್ವಯಂಸೇವಕರು ಬಿಡಿಸಿ ಮುಕ್ತ ಡ್ರೈವರುಗಳನ್ನು ಬರೆದಿದ್ದಾರೆ. ಅಂಗೈಯಗಲದ ರಾಸ್ಪ್‌ಬೆರಿ ಪೈಗೆ ಪ್ರಿಂಟರನ್ನು ಜೋಡಿಸಿ, 'ಕಪ್ಸ್' ತಂತ್ರಾಂಶದ ಮೂಲಕ ಮನೆಯ ಜಾಲಕ್ಕೆ ಹಂಚಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಎಲ್ಲರಿಗೂ ಅಂತಹ ಬಿಡುವಾಗಲಿ ವ್ಯವಧಾನವಾಗಲಿ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ತಯಾರಕರ ಡ್ರೈವರುಗಳಿಗೆ ವಿಂಡೋಸ್ ಅಪ್‌ಡೇಟ್ ಮೂಲಕ ನೀಡುವ ಸೇವೆಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಎಲ್ಲ ಪ್ರಿಂಟರುಗಳಿಗೂ ಒಂದೇ ಸಾಮಾನ್ಯ ವಿಧಾನವಾದ ಐಪಿಪಿ ಇರಲೆಂಬುದು ಅದರ ಆಶಯ. ಮುದ್ರಣ ವ್ಯವಸ್ಥೆಯ ಲೋಪದಿಂದ 2021ರಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ಭದ್ರತಾ ಸಮಸ್ಯೆ ತಲೆದೋರಿದ್ದನ್ನು ನೆನೆದರೆ ಈ ನಿರ್ಧಾರವನ್ನು ತಪ್ಪೆನ್ನಲಾಗದು. ಆದರೆ ಐಪಿಪಿ ಅರಿಯದ ಹಳೆಯ ಯಂತ್ರಗಳ ಭಾರ ಬೀಳುವುದು ಕೊಂಡವನ ಮೇಲೆ.

ನಮ್ಮ ಕಾನೂನು ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪ್ರಿಂಟರುಗಳೂ ಅವುಗಳ ವ್ಯಾಪ್ತಿಯಲ್ಲಿವೆ. ಆದರೆ ಅವು ತಯಾರಕರನ್ನು ಮುಖ್ಯವಾಗಿ ಹೊಣೆಯಾಗಿಸುವುದು ಎಸೆದ ಮೇಲಿನ ಮರುಬಳಕೆಗೆ. ದುರಸ್ತಿಯ ಹಕ್ಕಿನ ಕುರಿತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಅಲ್ಲಿ ಆದ್ಯತೆ ಪಡೆದದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು ಹಾಗೂ ವಾಹನ. ಚರ್ಚೆ ನಡೆದದ್ದು ಹೆಚ್ಚಾಗಿ ಬಿಡಿಭಾಗ, ಕೈಪಿಡಿಗಳ ಬಗೆಗೆ. ನನ್ನ ಲೇಸರಿಗೆ ಬೇಕಿದ್ದುದು ಬಿಡಿಭಾಗವಲ್ಲ, ಕೆಲವು ಪುಟಗಳ ಮಾಹಿತಿ.

ಡ್ರೈವರ್ ಬೆಂಬಲ ನಿಲ್ಲಿಸುವ ದಿನ ಆ ಪ್ರಿಂಟರಿನ ಭಾಷೆಯ ವಿವರವನ್ನು ತಯಾರಕರು ಬಹಿರಂಗಪಡಿಸಬೇಕೆಂಬ ಒಂದು ನಿಯಮ ಸಾಕು. ಮಾರುಕಟ್ಟೆಯಿಂದ ಹಿಂದೆಗೆದ ಮಾದರಿಯ ಗುಟ್ಟು ಕಾಯುವುದರಿಂದ ಅವರಿಗೆ ದೊಡ್ಡ ಲಾಭವೇನಿಲ್ಲ. ನಿಯಮ ಬರುವ ಮುನ್ನವೇ ಸರ್ಕಾರಿ ಕಚೇರಿಗಳು ತಮ್ಮ ಟೆಂಡರುಗಳಲ್ಲಿ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅಥವಾ ಐಪಿಪಿ ತಿಳಿದ ಪ್ರಿಂಟರೇ ಬೇಕೆಂದು ಷರತ್ತು ಹಾಕಬಹುದು. ಅಂಗಡಿಗೆ ಹೋಗುವ ನಾವೂ ನಿಮಿಷಕ್ಕೆಷ್ಟು ಪುಟ ಎಂದು ಕೇಳುವ ಮೊದಲು ಅದಕ್ಕೆ ಯಾವ ಭಾಷೆ ಗೊತ್ತು ಎಂದು ಕೇಳಬಹುದು.